ಸಿಹಿ ಎಲೆಯ ವಿಚಾರಣೆ

ನಮ್ಮ ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಆಕೆ ಹೋಳಿಗೆ ಬಿಟ್ಟಳು, ರಸಬಾಳೆ ಬಿಟ್ಟಳು. ಯುಗಾದಿಯ ದಿನ ಬೇವಿನ ಹೂವನ್ನಷ್ಟೇ ಬಾಯಿಗೆ ಹಾಕಿಕೊಂಡು, “ಬೆಲ್ಲದ ಪಾಲು ನಿನಗಿರಲಿ” ಎಂದು ನಕ್ಕುಬಿಟ್ಟಳು. ಬೆಳಗಿನ ಕಾಫಿಯೊಂದರ ವಿಷಯದಲ್ಲಿ ಮಾತ್ರ ಆಕೆಯ ವೈರಾಗ್ಯ ನಿಲ್ಲಲಿಲ್ಲ. ಕಾಫಿಯನ್ನು ಬಿಡಲಾರಳು, ಸಪ್ಪೆ ಕಾಫಿಯನ್ನು ಕುಡಿಯಲೂ ಆರಳು.

ಹೋದ ವರ್ಷ ಸಸಿ ಮಾರುವವನ ಬಳಿಯಿಂದ ಒಂದು ಕುಂಡ ತಂದು ಹಿತ್ತಲಲ್ಲಿ ಇಟ್ಟೆ. ಮೊಣಕಾಲೆತ್ತರದ ಗಿಡ, ಅಂಚು ಕಚ್ಚಿದಂತಿರುವ ಸಣ್ಣ ಎಲೆ, ತುದಿಯಲ್ಲಿ ಬಿಳಿಯ ಪುಟ್ಟ ಹೂ. ಮಾರಿದವನು ಅದನ್ನು ಸಿಹಿತುಳಸಿ ಎಂದು ಕರೆದ. ತುಳಸಿಗೂ ಅದಕ್ಕೂ ಯಾವ ನಂಟೂ ಇಲ್ಲ. ಅದು ಸೇವಂತಿಗೆ, ಸೂರ್ಯಕಾಂತಿಗಳ ಕುಲಕ್ಕೆ ಸೇರಿದ್ದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸ್ಟೀವಿಯಾ ರೆಬಾಡಿಯಾನ. ಅಕ್ಕ ಎರಡು ಎಲೆ ಕಿತ್ತು ಬಾಯಲ್ಲಿಟ್ಟು ಕಣ್ಣರಳಿಸಿದಳು. ಒಂದು ಗಳಿಗೆಯ ಮೇಲೆ ಮುಖವನ್ನು ಕೊಂಚ ಕಿವುಚಿದಳು.

“ಸಿಹಿ ಏನೋ ಇದೆ ಕಣೋ, ಆದರೆ ಹಿಂದೆಯೇ ಒಂದು ಕಹಿ ಬರುತ್ತೆ” ಎಂದಳು. ಆಮೇಲೆ ಕೇಳಿದಳು: “ಎಲೆ ತಾನೆ? ಇದರಿಂದ ಏನೂ ಕೆಡುಕಾಗಲ್ಲ, ಅಲ್ವೇನೋ?”

“ಏನೂ ಆಗಲ್ಲ ಅಕ್ಕ” ಎಂದುಬಿಟ್ಟೆ.

ಹೇಳಿದ ಮೇಲೆ ನನಗೆ ನಾಚಿಕೆಯಾಯಿತು. ಎಲೆಯೆಂದ ಮಾತ್ರಕ್ಕೆ ಕೆಡುಕಿಲ್ಲವೆಂದು ಹೇಳುವುದಾದರೆ ಉಮ್ಮತ್ತಿಯದೂ ಎಲೆಯೇ, ಎಕ್ಕದ್ದೂ ಎಲೆಯೇ. ಕೊಟ್ಟ ಉತ್ತರಕ್ಕೆ ಆಧಾರವನ್ನು ಆಮೇಲೆ ಹುಡುಕುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಉಂಟು. ನಾನೂ ಹಾಗೆಯೇ ಹುಡುಕಹೊರಟೆ. ದೊರೆತದ್ದು ಒಂದು ನೂರು ವರ್ಷಕ್ಕೂ ಮೀರಿದ ವಿಚಾರಣೆಯ ಕತೆ. ಅದರಲ್ಲಿ ಆಪಾದನೆ ಉಂಟು, ಸಾಕ್ಷಿ ಉಂಟು, ತಳ್ಳಿಹಾಕಿದ ತೀರ್ಪು ಉಂಟು, ಮರುವಿಚಾರಣೆಯೂ ಉಂಟು. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮಾಂಬಾಯ್ ಸೀಮೆಯ ಗಿಡ

ಸಕ್ಕರೆಯ ವಿಷಯದಲ್ಲಿ ನಮ್ಮ ದೇಶದವರಿಗೆ ಸ್ವಲ್ಪ ಹೆಮ್ಮೆ ಸಹಜ. ನಮ್ಮ ‘ಶರ್ಕರಾ’ ಎಂಬ ಮಾತೇ ಪಾರಸಿ, ಅರಬ್ಬೀ ಭಾಷೆಗಳ ಮೂಲಕ ಹಾದು ಯುರೋಪಿನ ಭಾಷೆಗಳಲ್ಲಿ ಸಕ್ಕರೆಯ ಹೆಸರಾಗಿ ನಿಂತಿತು. ಆದರೆ ಈ ಸಿಹಿ ಎಲೆಯ ಊರು ನಮ್ಮಿಂದ ಬಲು ದೂರ. ದಕ್ಷಿಣ ಅಮೆರಿಕದ ಪರಾಗ್ವೆ ದೇಶದ ಈಶಾನ್ಯದಲ್ಲಿ, ಬ್ರೆಜಿಲಿನ ಗಡಿಗೆ ತಾಗಿದಂತೆ ಅಮಾಂಬಾಯ್ ಎಂಬ ಎತ್ತರದ ಸೀಮೆ ಇದೆ. ಅಲ್ಲಿಯ ಹುಲ್ಲುಗಾವಲುಗಳಲ್ಲಿ ಈ ಗಿಡ ತಾನಾಗಿ ಬೆಳೆಯುತ್ತಿದ್ದಿತು. ಆ ಸೀಮೆಯ ಮೂಲನಿವಾಸಿಗಳಾದ ಗ್ವಾರಾನಿ ಜನ ಇದನ್ನು ‘ಕಾ ಹೆಎ’ ಎಂದು ಕರೆದರು. ಸಿಹಿಯಾದ ಸೊಪ್ಪು ಎಂಬುದೇ ಆ ಮಾತಿನ ಅರ್ಥ. ನಮಗೆ ಕಾಫಿ ಇದ್ದಂತೆ ಅವರಿಗೆ ‘ಯೆರ್ಬಾ ಮಾಟೆ’ ಎಂಬ ಕಹಿ ಕಷಾಯ. ಆ ಕಹಿಯನ್ನು ಮುರಿಯಲು ಈ ಎಲೆಯನ್ನು ಬಳಸುತ್ತಿದ್ದರು. ಹೀಗೆ, ನಮ್ಮ ಅಕ್ಕ ಕಾಫಿಗೆ ಹಾಕಿಕೊಳ್ಳಬೇಕೆಂದಿದ್ದ ಎಲೆಯನ್ನು ಅವರು ತಲೆತಲಾಂತರದಿಂದ ಅಂಥದೇ ಕೆಲಸಕ್ಕೆ ಬಳಸಿಕೊಂಡು ಬಂದವರು.

ಹೊರಜಗತ್ತಿಗೆ ಈ ಗಿಡದ ಸುದ್ದಿ ಮುಟ್ಟಿಸಿದವನು ಮೊಯ್ಸೆಸ್ ಬರ್ಟೋನಿ ಎಂಬ ಸಸ್ಯಶಾಸ್ತ್ರಜ್ಞ. ಆತ ಹುಟ್ಟಿದ್ದು 1857ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ. 1884ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದಕ್ಷಿಣ ಅಮೆರಿಕಕ್ಕೆ ವಲಸೆ ಹೋದನು. ಕೊನೆಗೆ ಪರಾನಾ ನದಿಯ ದಡದ ಕಾಡಿನಲ್ಲಿ ಮನೆ ಮಾಡಿಕೊಂಡು ಅಲ್ಲಿಯೇ ತೋಟ, ಪುಸ್ತಕ ಭಂಡಾರ, ಒಂದು ಅಚ್ಚುಕೂಟ ಎಲ್ಲವನ್ನೂ ನಡೆಸಿದನು. 1887ರಲ್ಲಿ ಆತನಿಗೆ ಗ್ವಾರಾನಿ ಜನರಿಂದ ಸಿಹಿ ಸೊಪ್ಪಿನ ಸುದ್ದಿ ತಿಳಿಯಿತು. ಸುದ್ದಿ ತಿಳಿದರೂ ಗಿಡ ಕೈಗೆ ಸಿಕ್ಕಲು ವರ್ಷಗಳೇ ಹಿಡಿದುವು. ಅದು ಬೆಳೆಯುವ ಸೀಮೆ ದೂರದ್ದು, ದಾರಿ ದುರ್ಗಮವಾದದ್ದು. ಬಹುಕಾಲದ ಮೇಲೆ ಒಣಗಿದ ಎಲೆ ಹೂಗಳ ಚೂರುಪಾರು ಆತನಿಗೆ ದೊರೆತುವು. ಅವನ್ನೇ ನೋಡಿ 1899ರಲ್ಲಿ ಗಿಡವನ್ನು ವರ್ಣಿಸಿ ಹೆಸರಿಟ್ಟನು. ಮುಂದೆ ಕೆಲವು ವರ್ಷಗಳಲ್ಲಿ ಪಾದ್ರಿಯೊಬ್ಬ ಜೀವಂತ ಗಿಡವನ್ನೇ ಕಳುಹಿಸಿಕೊಟ್ಟ. ಗಿಡವನ್ನು ಕಣ್ಣಾರೆ ಕಂಡ ಮೇಲೆ ಬರ್ಟೋನಿ ತನ್ನ ಹಳೆಯ ವರ್ಣನೆಯನ್ನು ತಿದ್ದಿ, 1905ರಲ್ಲಿ ಅದನ್ನು ಸ್ಟೀವಿಯಾ ಎಂಬ ಜಾತಿಗೆ ಸೇರಿಸಿದನು.

ಈ ಹೆಸರಿನ ವಿಷಯ ಸ್ವಲ್ಪ ಹೇಳಬೇಕು. ಸ್ಟೀವಿಯಾ ಎಂಬುದು 16ನೆಯ ಶತಮಾನದ ಎಸ್ತೆವೆ ಎಂಬ ಸ್ಪೇನ್ ದೇಶದ ವೈದ್ಯನ ನೆನಪಿಗೆ ಇಟ್ಟದ್ದು. ಆತ ಈ ಗಿಡವನ್ನು ಕಂಡವನೇ ಅಲ್ಲ. ರೆಬಾಡಿಯಾನ ಎಂಬುದು ಒವಿಡಿಯೊ ರೆಬಾಡಿ ಎಂಬ ಪರಾಗ್ವೆಯ ರಸಾಯನಶಾಸ್ತ್ರಜ್ಞನಿಗೆ ಸಲ್ಲಿಸಿದ ಗೌರವ. ಎಲೆಯ ಸಿಹಿಯನ್ನು ರಾಸಾಯನಿಕವಾಗಿ ಮೊದಲು ಪರೀಕ್ಷಿಸಿದವನು ಆತ. ಹೆಸರಿನ ಎರಡು ಪದಗಳಲ್ಲಿ ಇಬ್ಬರಿಗೆ ಸ್ಥಳ ದೊರೆಯಿತು. ಗಿಡವನ್ನು ತೋರಿಸಿಕೊಟ್ಟವರಿಗೆ ದೊರೆಯಲಿಲ್ಲ. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು; ಕೊನೆಯಲ್ಲಿ ಮತ್ತೆ ಅದಕ್ಕೇ ಬರುತ್ತೇನೆ.

ಬಸವನಹುಳುವಿನ ಉಪಕಾರ

ಎಲೆಯಲ್ಲಿ ಸಿಹಿ ಇದೆ, ನಿಜ. ಆ ಸಿಹಿ ಯಾವ ಪದಾರ್ಥದ್ದು? ಕಬ್ಬಿನ ಸಕ್ಕರೆಯೇ ಎಲೆಯೊಳಗೂ ಅಡಗಿದ್ದರೆ ನಮ್ಮ ಅಕ್ಕನಂಥವರಿಗೆ ಅದರಿಂದ ಪ್ರಯೋಜನವಿಲ್ಲ.

1931ರಲ್ಲಿ ಬ್ರಿಡೆಲ್ ಮತ್ತು ಲಾವಿಯೆಲ್ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಎಲೆಯಿಂದ ಬಿಳಿಯ ಹರಳುಗಳನ್ನು ಬೇರ್ಪಡಿಸಿದರು. ಅದಕ್ಕೆ ಸ್ಟೀವಿಯೋಸೈಡ್ ಎಂದು ಹೆಸರು. ಸಕ್ಕರೆಗಿಂತ ಅದು ಸುಮಾರು 300 ಪಟ್ಟು ಸಿಹಿಯೆಂದು ಕಂಡುಬಂದಿತು. ಹರಳನ್ನು ಒಡೆದು ನೋಡಿದರೆ ಅದರೊಳಗೆ ಏನಿದೆಯೆಂದು ತಿಳಿಯಬೇಕಲ್ಲ? ಆಮ್ಲದಲ್ಲಿ ಕಾಯಿಸಿದರೆ ಹರಳೇನೋ ಒಡೆಯಿತು. ಆದರೆ ಒಡೆಯುವಾಗಲೇ ಅದರ ತಿರುಳಿನ ರೂಪ ಬದಲಾಗಿಬಿಟ್ಟಿತು. ಆಗ ಅವರ ನೆರವಿಗೆ ಬಂದದ್ದು ಬಸವನಹುಳು. ಫ್ರಾನ್ಸಿನಲ್ಲಿ ಜನ ತಿನ್ನುವ ಒಂದು ಜಾತಿಯ ಬಸವನಹುಳುವಿನ ಜೀರ್ಣರಸವನ್ನು ಬೆರೆಸಿದಾಗ ಸ್ಟೀವಿಯೋಸೈಡ್ ಮೆಲ್ಲಗೆ ಬಿಚ್ಚಿಕೊಂಡಿತು. ಒಂದು ಕಣದಿಂದ ಮೂರು ಗ್ಲೂಕೋಸ್ ಬೇರೆಯಾದುವು. ಸ್ಟೀವಿಯಾಲ್ ಎಂಬ ತಿರುಳು ಉಳಿಯಿತು. ಆಮ್ಲದ ಉಗ್ರತೆಯಿಂದ ಆಗದ ಕೆಲಸ ಹುಳುವಿನ ಹೊಟ್ಟೆಯ ರಸದಿಂದ ಆಯಿತು.

ತಿರುಳಿನ ರಚನೆಯನ್ನು ಬಿಡಿಸಲು ಮತ್ತೆ ಮೂವತ್ತು ವರ್ಷ ಬೇಕಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮೊಸೆಟಿಗ್ ಮತ್ತು ಆತನ ಸಂಗಡಿಗರು 1955ರಿಂದ 1963ರವರೆಗೆ ಈ ಕೆಲಸವನ್ನು ಪೂರೈಸಿದರು. ಸ್ಟೀವಿಯಾಲ್ ಎಂಬುದು ಇಪ್ಪತ್ತು ಇಂಗಾಲದ ಪರಮಾಣುಗಳು ನಾಲ್ಕು ಬಳೆಗಳಾಗಿ ಹೆಣೆದುಕೊಂಡ ಒಂದು ಚೌಕಟ್ಟು. ಗಿಡಗಳನ್ನು ಎತ್ತರಕ್ಕೆ ಬೆಳೆಸುವ ಜಿಬರೆಲಿನ್ ಎಂಬ ಪ್ರಚೋದಕಗಳಿಗೆ ಅದು ದಾಯಾದಿ. ಚೌಕಟ್ಟಿನ ಎರಡು ಕಡೆ ಗ್ಲೂಕೋಸಿನ ತುಣುಕುಗಳು ಸಿಕ್ಕಿಕೊಂಡಿರುತ್ತವೆ. ಎಷ್ಟು ತುಣುಕು, ಎಲ್ಲಿ ಸಿಕ್ಕಿಕೊಂಡಿವೆ ಎಂಬುದರ ಮೇಲೆ ರುಚಿ ಬದಲಾಗುತ್ತದೆ. ಮೂರು ಗ್ಲೂಕೋಸ್ ಇರುವ ಸ್ಟೀವಿಯೋಸೈಡಿನ ಬೆನ್ನಿಗೆ ಕಹಿ ಬರುತ್ತದೆ. ನಾಲ್ಕು ಇರುವ ರೆಬಾಡಿಯೋಸೈಡ್-ಎ ಎಂಬುದರಲ್ಲಿ ಕಹಿ ಕಡಿಮೆ. ಅದನ್ನು 1976ರಲ್ಲಿ ಪ್ರಕಟಿಸಿದವರು ಜಪಾನಿನ ಸಂಶೋಧಕರು. ಆರು ಇರುವ ರೆಬಾಡಿಯೋಸೈಡ್-ಎಂ ಸಕ್ಕರೆಯ ರುಚಿಗೆ ಇನ್ನೂ ಹತ್ತಿರ. ಆದರೆ ಎಲೆಯಲ್ಲಿ ಅದರ ಪ್ರಮಾಣ ಅತ್ಯಲ್ಪ. ಈಗ ಅದನ್ನು ಕಿಣ್ವಗಳ ಸಹಾಯದಿಂದಲೂ, ಮಾರ್ಪಡಿಸಿದ ಯೀಸ್ಟಿನಿಂದಲೂ ತಯಾರಿಸುತ್ತಾರೆ.

ಅಕ್ಕನ ಮುಖ ಕಿವುಚಿದ್ದಕ್ಕೂ ಇಲ್ಲಿ ಕಾರಣ ಉಂಟು. ನಮ್ಮ ನಾಲಿಗೆಯಲ್ಲಿ ಸಿಹಿಯನ್ನು ಹಿಡಿಯುವ ಗ್ರಾಹಕಗಳು ಬೇರೆ, ಕಹಿಯನ್ನು ಹಿಡಿಯುವವು ಬೇರೆ. ಈ ಎಲೆಯ ಸಾರ ಎರಡು ಬಾಗಿಲನ್ನೂ ತಟ್ಟುತ್ತದೆ. ಕಹಿಯ ಗ್ರಾಹಕಗಳಲ್ಲಿ ಎರಡು ಇದಕ್ಕೆ ಓಗೊಡುವುದನ್ನು 2012ರಲ್ಲಿ ಗುರುತಿಸಿದರು. ಅಕ್ಕನ ನಾಲಿಗೆ ಹೇಳಿದ್ದು ಶಾಸ್ತ್ರಸಮ್ಮತವಾದ ಮಾತು!

ಕಾಯಿಸಿದರೆ ಕೆಡುವುದೆ?

ಎಲೆಯ ಸಿಹಿ ಕಾಫಿಯ ಬಿಸಿಯನ್ನು ತಡೆಯುವುದೇ ಎಂಬುದು ಅಡಿಗೆಮನೆಯ ಮುಖ್ಯ ಪ್ರಶ್ನೆ. ಪುಡಿಯ ರೂಪದಲ್ಲಿ ಸ್ಟೀವಿಯೋಸೈಡನ್ನು ಒಂದು ಗಂಟೆಯ ಕಾಲ 120 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಇಟ್ಟರೂ ಅದು ಕೆಡುವುದಿಲ್ಲ. 140 ಡಿಗ್ರಿ ದಾಟಿದರೆ ಮುರಿಯತೊಡಗುತ್ತದೆ. ನೀರಿನಲ್ಲಿ ಕರಗಿಸಿ 80 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ, ನಿಂಬೆಯ ರಸದಂಥ ಹುಳಿಯಲ್ಲಿಯೂ ಅದು ನಿಲ್ಲುತ್ತದೆ. ತೀರ ಉಗ್ರವಾದ ಆಮ್ಲದಲ್ಲಿ ಮಾತ್ರ ಸೋಲುತ್ತದೆ. ಎಂದರೆ ಕಾಫಿಗಾಗಲಿ ಪಾನಕಕ್ಕಾಗಲಿ ಭಯವಿಲ್ಲ.

ಬೆಳಕಿನ ವಿಷಯದಲ್ಲಿ ಒಂದು ಚಿಕ್ಕ ವ್ಯಾಜ್ಯ ನಡೆಯಿತು. ಹುಳಿಪಾನೀಯಗಳಲ್ಲಿ ಬೆರೆಸಿ ಬಿಸಿಲಿಗಿಟ್ಟರೆ ರೆಬಾಡಿಯೋಸೈಡ್-ಎ ಸುಮಾರು ಐದನೆಯ ಒಂದು ಭಾಗ ನಷ್ಟವಾಗುತ್ತದೆಂದು 1983ರ ಒಂದು ಪ್ರಯೋಗ ವರದಿ ಮಾಡಿತು. 25 ವರ್ಷಗಳ ಮೇಲೆ, 2008ರಲ್ಲಿ, ಆ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಅಂಥ ನಷ್ಟ ಕಾಣಲಿಲ್ಲ. ಮತ್ತೆ ಮಾಡಿದವರಲ್ಲಿ ಪಾನೀಯ ಉದ್ಯಮದವರೂ ಇದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಪ್ರಯೋಗದ ಬೆಲೆ ಅದನ್ನು ಮಾಡಿದವನ ಹೆಸರಿನಲ್ಲಿಲ್ಲ. ಬೇರೊಬ್ಬನು ಮಾಡಿದರೂ ಅದೇ ಫಲ ಬರುವುದೇ ಎಂಬುದರಲ್ಲಿದೆ.

ಸಿಹಿ ಕೆಡುವುದಿಲ್ಲವೆಂದ ಮಾತ್ರಕ್ಕೆ ಸಕ್ಕರೆಯ ಕೆಲಸವನ್ನೆಲ್ಲ ಇದು ಮಾಡುವುದೆಂದು ಯಾರೂ ಭಾವಿಸಬಾರದು. ಮೈಸೂರುಪಾಕಿಗೆ ಬೇಕಾದ ಎಳೆಪಾಕ ಇದರಿಂದ ಬರದು. ಉಪ್ಪಿನಕಾಯಿಯನ್ನೋ ಹಣ್ಣಿನ ಮುರಬ್ಬವನ್ನೋ ಕೆಡದಂತೆ ಕಾಯುವ ತೂಕ ಇದಕ್ಕಿಲ್ಲ. ಸಕ್ಕರೆ ಕಂದಿದಾಗ ಬರುವ ಕೆಂಪು ಬಣ್ಣವೂ ಪರಿಮಳವೂ ಇದರಲ್ಲಿ ಹುಟ್ಟವು. ಜಪಾನಿನವರು ಈ ಕೊರತೆಯನ್ನೇ ಗುಣವೆಂದು ಬಗೆದರು. 1969ರಲ್ಲಿ ಸೈಕ್ಲಮೇಟ್ ಎಂಬ ಕೃತಕ ಸಿಹಿಯನ್ನು ಅಲ್ಲಿ ನಿಷೇಧಿಸಿದಾಗ ಅದರ ಜಾಗಕ್ಕೆ ಮತ್ತೊಂದು ಬೇಕಾಯಿತು. 1970ರ ದಶಕದಲ್ಲಿ ಸ್ಟೀವಿಯಾ ಅಲ್ಲಿಯ ಮಾರುಕಟ್ಟೆಗೆ ಬಂದು ಉಪ್ಪಿನಕಾಯಿ, ಸೋಯಾ ರಸ, ಒಣಮೀನುಗಳಲ್ಲಿ ನೆಲೆಯಾಯಿತು. ಬಣ್ಣ ಕಂದದೆ ಸಿಹಿ ಮಾತ್ರ ಬೇಕಾದ ಕಡೆ ಅದು ಸಲೀಸಾಗಿ ಒದಗಿತು.

ಆಪಾದನೆಗಳು

ಈಗ ಅಕ್ಕನ ಪ್ರಶ್ನೆಗೆ ಬರೋಣ.

1968ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಅಚ್ಚಾಯಿತು. ಉರುಗ್ವೆಯ ಪ್ಲಾನಾಸ್ ಎಂಬಾಕೆಯೂ ಅಮೆರಿಕದ ಕುಚ್ ಎಂಬಾತನೂ ಅದರ ಕರ್ತೃಗಳು. ಪರಾಗ್ವೆಯ ಮೂಲನಿವಾಸಿ ಹೆಂಗಸರು ಗರ್ಭ ನಿಲ್ಲದಿರಲೆಂದು ಈ ಗಿಡದ ಕಷಾಯ ಕುಡಿಯುತ್ತಿದ್ದರೆಂಬ ಮಾತಿನಿಂದ ಹೊರಟು, ಅವರು ಹೆಣ್ಣಿಲಿಗಳಿಗೆ ಆ ಕಷಾಯ ಕುಡಿಸಿ ನೋಡಿದರು. ಇಲಿಗಳ ಸಂತಾನಶಕ್ತಿ 57ರಿಂದ 79 ಶೇಕಡದಷ್ಟು ತಗ್ಗಿತೆಂದೂ, ಕುಡಿಸುವುದನ್ನು ನಿಲ್ಲಿಸಿದ ಮೇಲೂ ಅದರ ಪರಿಣಾಮ ಕೆಲವು ವಾರ ಉಳಿಯಿತೆಂದೂ ಬರೆದರು. ಕಾಫಿಗೆ ಹಾಕಿಕೊಳ್ಳುವ ಎಲೆಯ ಮೇಲೆ ಇದಕ್ಕಿಂತ ದೊಡ್ಡ ಆಪಾದನೆ ಯಾವುದಿದ್ದೀತು?

ಬೇರೆಯವರು ಇದನ್ನು ಪರೀಕ್ಷಿಸದೆ ಬಿಡಲಿಲ್ಲ. 1975ರಲ್ಲಿ ಜಪಾನಿನಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. 1991ರಲ್ಲಿ ಥಾಯ್ಲೆಂಡಿನಲ್ಲಿ ಹ್ಯಾಮ್‌ಸ್ಟರ್ ಎಂಬ, ಇಲಿಯ ಬಳಗದ ಪ್ರಾಣಿಗಳಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 2.5 ಗ್ರಾಮಿನವರೆಗೂ ಶುದ್ಧ ಸ್ಟೀವಿಯೋಸೈಡ್ ತಿನ್ನಿಸಿ ತಲೆಮಾರುಗಳನ್ನು ನೋಡಿದರು. ಅವುಗಳ ಬೆಳವಣಿಗೆಗೂ ಸಂತಾನಕ್ಕೂ ತೊಂದರೆಯಾಗಲಿಲ್ಲ. ಆದರೆ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು: 1968ರಲ್ಲಿ ಕುಡಿಸಿದ್ದು ಗಿಡದ ಕಷಾಯ, 1991ರಲ್ಲಿ ತಿನ್ನಿಸಿದ್ದು ಶುದ್ಧವಾದ ಹರಳು. ಕಷಾಯದಲ್ಲಿ ಸಿಹಿಯೊಂದೇ ಇರುವುದಿಲ್ಲ. ಗಿಡಕ್ಕೂ ಹರಳಿಗೂ ನಡುವಿನ ಈ ವ್ಯತ್ಯಾಸ ಮುಂದೆ ಕಾನೂನಿಗೂ ಬಂದಿತು.

ಎರಡನೆಯ ಆಪಾದನೆ 1985ರದು. ಶಿಕಾಗೊ ನಗರದ ಇಲಿನಾಯ್ ವಿಶ್ವವಿದ್ಯಾನಿಲಯದ ಪೆಝೂಟೊ ಮತ್ತು ಸಂಗಡಿಗರು ಸ್ಟೀವಿಯಾಲನ್ನು ಇಲಿಯ ಯಕೃತ್ತಿನ ಸಾರದೊಡನೆ ಬೆರೆಸಿ ಒಂದು ಬಗೆಯ ಬ್ಯಾಕ್ಟೀರಿಯಾದ ಮೇಲೆ ಪ್ರಯೋಗಿಸಿದರು. ಬ್ಯಾಕ್ಟೀರಿಯಾದ ವಂಶವಾಹಿಗಳಲ್ಲಿ ಮಾರ್ಪಾಡು ಕಂಡಿತು. ಸ್ಟೀವಿಯೋಸೈಡಿನಿಂದ ಹಾಗಾಗಲಿಲ್ಲ, ಅದರ ತಿರುಳಿನಿಂದ ಆಯಿತು. ವಂಶವಾಹಿ ಮಾರ್ಪಟ್ಟರೆ ಅರ್ಬುದದ ಸಂಶಯ ಹುಟ್ಟುವುದು ಸಹಜ. ನಮ್ಮ ಕರುಳಿನಲ್ಲಿ ಈ ತಿರುಳು ಬಿಡುಗಡೆಯಾಗುತ್ತದೆ ಎಂಬುದನ್ನು ಇದಕ್ಕೆ ಸೇರಿಸಿದರೆ ಸಂಶಯ ಇನ್ನೂ ಬಲವಾಗುತ್ತದೆ.

ಇದರ ಪರಿಹಾರವೂ ಒಂದೇ ದಿನದಲ್ಲಿ ಆಗಲಿಲ್ಲ. ಎಲೆಯ ಸಿಹಿಯ ದಾರಿಯನ್ನು ದೇಹದೊಳಗೆ ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಬೇಕಾಯಿತು. ಅದು ಹೊಟ್ಟೆಯಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿಯ ಬ್ಯಾಕ್ಟೀರಿಯಾಗಳು ಬಸವನಹುಳುವಿನ ರಸ ಮಾಡಿದ ಕೆಲಸವನ್ನೇ ಮಾಡಿ ಗ್ಲೂಕೋಸನ್ನು ಕಳಚಿಕೊಳ್ಳುತ್ತವೆ. ಉಳಿದ ಸ್ಟೀವಿಯಾಲ್ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಗಂಟುಹಾಕಿ ಮೂತ್ರದ ಮೂಲಕ ಹೊರಕ್ಕೆ ಕಳುಹಿಸುತ್ತದೆ. ಜೀವಂತ ಪ್ರಾಣಿಗಳಲ್ಲಿ ವಂಶವಾಹಿಗಳಿಗೆ ಹಾನಿ ಕಾಣಲಿಲ್ಲ. 1997ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ಎರಡು ವರ್ಷ ಸ್ಟೀವಿಯೋಸೈಡ್ ತಿಂದ ಇಲಿಗಳಿಗೆ ಅದರಿಂದ ಅರ್ಬುದ ಬರಲಿಲ್ಲ.

ತೀರ್ಪು

ಇಷ್ಟರ ನಡುವೆ ಸರ್ಕಾರಗಳು ಒಂದೊಂದು ದಿಕ್ಕಿಗೆ ನಡೆದುವು. ಜಪಾನಿನ ಅಂಗಡಿಗಳಲ್ಲಿ ಸಿಹಿ ಎಲೆಯ ಸಾರ ಮಾರಾಟವಾಗುತ್ತಿದ್ದಾಗಲೇ ಅಮೆರಿಕ 1991ರಲ್ಲಿ ಅದರ ಆಮದನ್ನು ತಡೆಯಿತು. 1995ರಲ್ಲಿ ಪೂರಕ ಪದಾರ್ಥವೆಂದು ಮಾರಬಹುದು, ಸಿಹಿಕಾರಕವೆಂದು ಮಾರಬಾರದು ಎಂದು ಸಡಿಲಿಸಿತು. ಅದೇ ಎಲೆ, ಅದೇ ಡಬ್ಬಿ. ಮೇಲಿನ ಚೀಟಿಯ ಮಾತು ಬದಲಾದರೆ ಸಾಕು! ಯುರೋಪಿನ ತಜ್ಞರು 1999ರಲ್ಲಿ ಒಪ್ಪಿಗೆ ನಿರಾಕರಿಸಿದರು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1998ರಲ್ಲಿ ಮೊದಲು ವಿಚಾರಿಸಿ, ಸಾಕಷ್ಟು ಆಧಾರವಿಲ್ಲವೆಂದಿತು. 2004ರಲ್ಲಿ ತಾತ್ಕಾಲಿಕ ಮಿತಿಯೊಂದನ್ನು ಕೊಟ್ಟು, ರಕ್ತದ ಒತ್ತಡದ ಮೇಲೂ ಸಕ್ಕರೆ ಕಾಯಿಲೆಯವರ ಮೇಲೂ ಇದರ ಪರಿಣಾಮವೇನೆಂದು ಮನುಷ್ಯರಲ್ಲಿಯೇ ನೋಡಿ ಹೇಳಿರೆಂದಿತು. ಅದಕ್ಕೆ ಉತ್ತರವಾಗಿ ಬಂದ ಪರೀಕ್ಷೆಗಳಲ್ಲಿ ಒಂದನ್ನು ನಡೆಸಿದವರು ಪರಾಗ್ವೆಯ ರಾಜಧಾನಿ ಅಸುನ್ಸಿಯಾನಿನ ವಿಶ್ವವಿದ್ಯಾನಿಲಯದವರು. ದಿನಕ್ಕೆ ಮೂರು ಸಲ 250 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟು ನೋಡಿದರು. ಇನ್ನೊಂದರಲ್ಲಿ ಸಕ್ಕರೆ ಕಾಯಿಲೆಯವರಿಗೆ ದಿನಕ್ಕೆ 1000 ಮಿಲಿಗ್ರಾಂ ರೆಬಾಡಿಯೋಸೈಡ್-ಎಯನ್ನು 16 ವಾರ ಕೊಟ್ಟರು. ಎರಡರಲ್ಲಿಯೂ ರಕ್ತದ ಸಕ್ಕರೆ ಏರಲಿಲ್ಲ. ರಕ್ತದ ಒತ್ತಡ ಕುಸಿಯಲಿಲ್ಲ. ಗಿಡದ ತವರಿನವರೇ ಸಾಕ್ಷಿ ಹೇಳಿದ್ದು ನನಗೆ ಬಹಳ ಹಿಡಿಸಿತು.

2008ರಲ್ಲಿ ಸಮಿತಿ ತನ್ನ ತೀರ್ಪು ಕೊಟ್ಟಿತು: ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 4 ಮಿಲಿಗ್ರಾಂ ಸ್ಟೀವಿಯಾಲಿಗೆ ಸಮನಾಗುವಷ್ಟನ್ನು ಜೀವಮಾನವೆಲ್ಲ ತಿಂದರೂ ಅಡ್ಡಿಯಿಲ್ಲ. ಈ ನಾಲ್ಕು ಎಲ್ಲಿಂದ ಬಂತು? ಎರಡು ವರ್ಷದ ಪ್ರಯೋಗದಲ್ಲಿ ಇಲಿಗಳಿಗೆ ತೊಂದರೆಯಾಗದ ಪ್ರಮಾಣ, ಸ್ಟೀವಿಯಾಲಿನ ಲೆಕ್ಕದಲ್ಲಿ 383 ಮಿಲಿಗ್ರಾಂ. ಇಲಿಗೂ ಮನುಷ್ಯನಿಗೂ ವ್ಯತ್ಯಾಸ, ಮನುಷ್ಯ ಮನುಷ್ಯರಲ್ಲಿ ವ್ಯತ್ಯಾಸ ಎಂದು ಅದನ್ನು ನೂರರಿಂದ ಭಾಗಿಸಿದರು. ಅದೇ ವರ್ಷ ಅಮೆರಿಕವೂ, 2011ರಲ್ಲಿ ಯುರೋಪೂ, 2015ರಲ್ಲಿ ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೂ ಶುದ್ಧೀಕರಿಸಿದ ಸಾರಕ್ಕೆ ದಾರಿ ಬಿಟ್ಟುವು.

ಅಕ್ಕನ ತೂಕ 60 ಕಿಲೋ. ಸ್ಥೂಲವಾಗಿ ಲೆಕ್ಕ ಹಾಕಿದರೆ ಆಕೆಯ ಮಿತಿ ದಿನಕ್ಕೆ 600 ಮಿಲಿಗ್ರಾಂ ಸ್ಟೀವಿಯೋಸೈಡ್. ಎರಡು ಚಮಚ ಸಕ್ಕರೆಯ ಸಿಹಿಗೆ ಸುಮಾರು 40 ಮಿಲಿಗ್ರಾಂ ಸಾಕು. ಎಂದರೆ ಹದಿನೈದು ಲೋಟ ಕಾಫಿ. ಅಕ್ಕ ಕುಡಿಯುವುದು ಎರಡು ಲೋಟ. ಹದಿನೈದು ಲೋಟ ಕುಡಿದರೆ ಕೆಡಿಸುವುದು ಸಿಹಿಯಲ್ಲ, ಕಾಫಿ!

ಆದರೆ ಈ ತೀರ್ಪಿನ ಒಂದು ಷರತ್ತನ್ನು ಮರೆಯಬಾರದು. ಸಮಿತಿ ಒಪ್ಪಿದ್ದು ಶೇಕಡ 95ಕ್ಕೆ ಕಡಿಮೆಯಿಲ್ಲದಂತೆ ಶುದ್ಧವಾದ ಸಾರವನ್ನು. ಹಸಿ ಎಲೆಯನ್ನಲ್ಲ. ಅಮೆರಿಕದಲ್ಲಿ ಇಡೀ ಎಲೆಯನ್ನಾಗಲಿ ಅದರ ಕಚ್ಚಾ ಕಷಾಯವನ್ನಾಗಲಿ ಸಿಹಿಕಾರಕವೆಂದು ಒಪ್ಪಿಲ್ಲ. ಶತಮಾನಗಳ ಕಾಲ ಜನ ತಿಂದ ಎಲೆಗೆ ಸಂಶಯ, ಕಾರ್ಖಾನೆಯಿಂದ ಬಂದ ಪುಡಿಗೆ ಮನ್ನಣೆ! ಮೊದಲು ಓದಿದಾಗ ನನಗೂ ಸಿಟ್ಟು ಬಂದಿತು. ಯೋಚಿಸಿದ ಮೇಲೆ ಸಿಟ್ಟು ಇಳಿಯಿತು. ಪರೀಕ್ಷೆಗೆ ಒಳಗಾದದ್ದು ಪುಡಿ. ಯಾವುದನ್ನು ಪರೀಕ್ಷಿಸಿದರೋ ಅದರ ಬಗ್ಗೆಯೇ ಮಾತನಾಡಬಹುದು.

ಬಹುಕಾಲದ ಬಳಕೆಯೊಂದೇ ಸಾಕ್ಷಿಯಾಗದೆಂಬುದಕ್ಕೆ ನಮ್ಮ ಮನೆಗಳಲ್ಲೇ ಇರುವ ಜ್ಯೇಷ್ಠಮಧು ನಿದರ್ಶನ. ಕೆಮ್ಮಿಗೆ ಅದನ್ನು ಕಚ್ಚದೆ ಬೆಳೆದವರು ಅಪರೂಪ. ಅದರ ಬೇರಿನಲ್ಲಿರುವ ಗ್ಲಿಸಿರೈಜಿನ್ ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಸಾವಿರಾರು ವರ್ಷಗಳಿಂದ ಜನ ಬಳಸಿದ ಬೇರು. 1946ರಲ್ಲಿ ರೆವರ್ಸ್ ಎಂಬ ಡಚ್ ವೈದ್ಯ ಹೊಟ್ಟೆಯ ಹುಣ್ಣಿಗೆ ಅದನ್ನು ಕೊಟ್ಟು ನೋಡಿದ. ಹುಣ್ಣಿಗೆ ಗುಣ ಕಂಡಿತು. ಆದರೆ ಐವರಲ್ಲಿ ಒಬ್ಬ ರೋಗಿಗೆ ಮೈ ಬಾತುಕೊಂಡಿತು. ಹೆಚ್ಚು ಕಾಲ ಹೆಚ್ಚಾಗಿ ತಿಂದವರಲ್ಲಿ ಅದು ರಕ್ತದ ಒತ್ತಡವನ್ನು ಏರಿಸಿ ಪೊಟ್ಯಾಸಿಯಮ್ಮನ್ನು ಇಳಿಸುತ್ತದೆಂದು ಈಗ ಚೆನ್ನಾಗಿ ತಿಳಿದಿದೆ. ದಿನಕ್ಕೆ 100 ಮಿಲಿಗ್ರಾಂ ಮೀರಬೇಡಿರೆಂದು ಯುರೋಪಿನ ತಜ್ಞರ ಸಲಹೆ. ಇನ್ನು ನಮ್ಮ ಬೇಲಿಯ ಗುಲಗಂಜಿಯ ಮಾತು. ಅದರ ಬೀಜದಲ್ಲಿ ಕೊಲ್ಲುವ ವಿಷವಿದೆ. ಅದೇ ಬಳ್ಳಿಯ ಎಲೆ ಸಿಹಿ. ಆ ಸಿಹಿಯ ಪದಾರ್ಥಗಳನ್ನು 1989ರಲ್ಲಿ ಬೇರ್ಪಡಿಸಿದರು. ಒಂದೇ ಬಳ್ಳಿಯಲ್ಲಿ ಎರಡೂ ಇರುವಾಗ ‘ಪ್ರಕೃತಿದತ್ತ’ ಎಂಬ ಮಾತು ಏನನ್ನು ಅಳೆಯುತ್ತದೆ? ಏನನ್ನು ತಿಂದೆ, ಎಷ್ಟು ತಿಂದೆ ಎಂಬ ಎರಡು ಮಾತುಗಳು ಮಾತ್ರ ಅಳೆಯಬಲ್ಲುವು.

ಅಕ್ಕನ ಎರಡನೆಯ ಪ್ರಶ್ನೆ

ಇಷ್ಟನ್ನು ಓದಿಕೊಂಡು ಒಂದು ಸಂಜೆ ಅಕ್ಕನ ಮುಂದೆ ಕುಳಿತೆ. ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ. ಎಲೆಯೆಂಬ ಕಾರಣಕ್ಕೆ ಅದು ಸಲ್ಲುವುದಿಲ್ಲ, ಪರೀಕ್ಷೆಯಲ್ಲಿ ನಿಂತಿತೆಂಬ ಕಾರಣಕ್ಕೆ ಸಲ್ಲುತ್ತದೆ ಎಂದೆ. ಅಂಗಡಿಯಿಂದ ನಾನೇ ತಂದಿದ್ದ ಒಂದು ಪೊಟ್ಟಣವನ್ನೂ ತೋರಿಸಿದೆ. ದೊಡ್ಡ ಅಕ್ಷರದಲ್ಲಿ ಸ್ಟೀವಿಯಾ ಎಂದಿತ್ತು. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದರೆ ಮೊದಲ ಪದಾರ್ಥ ಡೆಕ್ಸ್‌ಟ್ರೋಸ್. ಅದು ಗ್ಲೂಕೋಸಿನದೇ ಇನ್ನೊಂದು ಹೆಸರು! ಸಾರ ಬಲು ತೀಕ್ಷ್ಣವಾದ್ದರಿಂದ ಚಮಚದಲ್ಲಿ ಅಳೆಯಲು ಬರುವಂತೆ ಏನನ್ನಾದರೂ ಬೆರೆಸಬೇಕು, ನಿಜ. ಆದರೆ ಸಕ್ಕರೆ ಕಾಯಿಲೆಯವರ ಕೈಗೆ ಬರುವ ಪೊಟ್ಟಣದಲ್ಲಿ ಗ್ಲೂಕೋಸನ್ನು ಸಣ್ಣ ಅಕ್ಷರದಲ್ಲಿ ಹೇಳುವುದು ಸರಿಯಲ್ಲ. ಪೊಟ್ಟಣವನ್ನು ಪಕ್ಕಕ್ಕಿಟ್ಟೆವು.

ಇನ್ನೂ ಒಂದು ಮಾತು ಹೇಳಬೇಕಾಗಿತ್ತು. ತೂಕ ಇಳಿಸುವುದಕ್ಕೆಂದು ಇಂಥ ಸಿಹಿಗಳನ್ನು ನಂಬಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿತು. ಆ ಪಟ್ಟಿಯಲ್ಲಿ ಸ್ಟೀವಿಯಾವೂ ಇದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸದೆಂದು ಅದೇ ಸಂಸ್ಥೆ ಹೇಳಿದೆ. ಆದರೂ ಒಂದು ಮಾತು ಸ್ಪಷ್ಟ: ಈ ಎಲೆ ಸಕ್ಕರೆಯ ಜಾಗದಲ್ಲಿ ನಿಲ್ಲಬಲ್ಲುದು, ಔಷಧದ ಜಾಗದಲ್ಲಿ ಅಲ್ಲ. ಅಕ್ಕ ತನ್ನ ವೈದ್ಯರಿಗೂ ವಿಷಯ ತಿಳಿಸಿದಳು.

ಎಲ್ಲವನ್ನೂ ಕೇಳಿದ ಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಇಷ್ಟು ದೇಶದವರು ಇಷ್ಟು ವರ್ಷ ಪರೀಕ್ಷೆ ಮಾಡಿದರಲ್ಲ, ಮೊದಲು ಇದನ್ನ ಕಂಡುಹಿಡಿದೋರು ಯಾರು?”

“ಆ ಬೆಟ್ಟದ ಸೀಮೆಯ ಜನ, ಅಕ್ಕ.”

“ಅವರಿಗೇನು ಸಿಕ್ಕಿತು?”

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ತಿಳಿದಷ್ಟನ್ನು ಹೇಳಿದೆ. ಇಂದು ಈ ಎಲೆಯನ್ನು ಅತಿ ಹೆಚ್ಚಾಗಿ ಬೆಳೆಯುವ ದೇಶ ಚೀನ. ಸಾರ ತೆಗೆಯುವ ವಿಧಾನಗಳ ಮೇಲೆ ಕಂಪನಿಗಳು ಹಕ್ಕುಪತ್ರಗಳನ್ನು ಪಡೆದಿವೆ. ಅಮಾಂಬಾಯಿನಲ್ಲಿ ಕಾಡುಗಿಡವೇ ಅಪರೂಪವಾಗಿದೆ. ಸ್ಥಳೀಯರ ತಿಳಿವಳಿಕೆಯಿಂದ ಬಂದ ಲಾಭದಲ್ಲಿ ಅವರಿಗೂ ಪಾಲು ಸಲ್ಲಬೇಕೆಂದು 2010ರಲ್ಲಿ ಜಪಾನಿನ ನಾಗೋಯಾ ನಗರದಲ್ಲಿ ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡುವು; 2014ರಲ್ಲಿ ಅದು ಜಾರಿಗೆ ಬಂದಿತು. ಗ್ವಾರಾನಿ ಜನ ಅದರ ಆಧಾರದ ಮೇಲೆ ತಮ್ಮ ಪಾಲನ್ನು ಕೇಳಿದ್ದಾರೆ.

“ಕೇಳಿದ್ದಾರೆ ಸರಿ. ಕೊಡೋದು ನ್ಯಾಯ ಅಲ್ವೇನೋ?” ಎಂದಳು ಅಕ್ಕ.

ಎಲೆ ಕೆಡುಕಲ್ಲವೆಂದು ತೀರ್ಮಾನಿಸಲು ಪ್ರಪಂಚಕ್ಕೆ ನೂರು ವರ್ಷ ಹಿಡಿಯಿತು. ಆ ತಾಳ್ಮೆ ಸಾರ್ಥಕವಾಯಿತು. ಎಲೆಯನ್ನು ತೋರಿಸಿದವರ ವಿಷಯದಲ್ಲಿ ಅಷ್ಟೇ ಕಾಲ ಹಿಡಿಯಬೇಕಾಗಿಲ್ಲ. ಅಲ್ಲಿ ಪ್ರಯೋಗಶಾಲೆ ಬೇಕಿಲ್ಲ, ಇಲಿಗಳು ಬೇಕಿಲ್ಲ; ಸಾಕ್ಷಿ 1887ರಿಂದಲೂ ಕಣ್ಣೆದುರಿಗಿದೆ.

ಅಕ್ಕ ಎದ್ದು ಹಿತ್ತಲಿಗೆ ಹೋಗಿ ಎರಡು ಎಲೆ ಕಿತ್ತು ತಂದಳು. ಕಾಫಿಗೆ ಹಾಕಿ ಕಲಸಿದಳು. ಈ ಸಲ ಮುಖ ಕಿವುಚಲಿಲ್ಲ, ಕಹಿ ಅಭ್ಯಾಸವಾಗಿರಬೇಕು.